ಅಜ್ಜನ ಮನೆಯ ಹಳೇ ಇಟ್ಟಂಗಿ ಹೊಸ ಮನೆಗೆ ಬರುತ್ತಾ?

ಭತ್ತದ ನಾಡಿನವ (ಗಂಗಾವತಿ)

ಎಲ್ಲರಿಗೂ ನಮಸ್ಕಾರ. ಅಜ್ಜನ ಕಾಲದ ನಮ್ಮ ಮನೆಯನ್ನು ಮುಂದಿನ ವಾರ ಕೆಡವುತ್ತಿದ್ದೇವೆ. ಮಾಳಿಗೆ ಕುಸಿದು ಎರಡು ಮಳೆಗಾಲ ಆಯಿತು. ತೊಲೆಗಳನ್ನು ಗೆದ್ದಲು ತಿಂದು ಹಾಕಿದೆ. ಉಳಿಸಿಕೊಳ್ಳಲು ಓಡಾಡಿದೆವು, ಆಗಲಿಲ್ಲ. ಹಿಂದಿನ ಕೊಟ್ಟಿಗೆ ಮಣ್ಣು, ಕಲ್ಲು. ಮುಂದಿನ ಪಡಸಾಲೆ ಮತ್ತು ಒಂದು ಕೋಣೆ ಮಾತ್ರ ಸುಟ್ಟ ಇಟ್ಟಂಗಿ, ಸುಣ್ಣದ ಗಾರೆ. ಗೋಡೆ ಒಂದೂವರೆ ಇಟ್ಟಂಗಿ ದಪ್ಪ, ಹತ್ತಿರ ಹತ್ತಿರ ಹದಿನಾಲ್ಕು ಇಂಚು. ಇನ್ನೂ ನೆಟ್ಟಗೆ ನಿಂತಿವೆ. ತುಂಗಭದ್ರಾ ಡ್ಯಾಂ ಕಟ್ಟುವ ಮುಂಚೆಯೇ ಈ ಮನೆ ಇತ್ತು ಅಂತ ಅಪ್ಪ ಹೇಳುತ್ತಾರೆ.

ಜೆಸಿಬಿಯವರು ಬಂದು ನೋಡಿದರು. ಇಟ್ಟಂಗಿ ಚೂರು, ಮಣ್ಣು ಎಲ್ಲಾ ತಾವೇ ಎತ್ತಿಕೊಂಡು ಹೋಗುತ್ತಾರಂತೆ, ಬಾಡಿಗೆಯಲ್ಲಿ ಕಮ್ಮಿ ಮಾಡುತ್ತಾರಂತೆ. ನಿನ್ನೆ ಸಂಜೆ ಸುಮ್ನೆ ಮೂಲೆಯಿಂದ ಒಂದು ಇಟ್ಟಂಗಿ ಎಳೆದು ನೋಡಿದೆ. ಕೈಯಲ್ಲೇ ಬಂತು. ಗಾರೆಯನ್ನು ಉಗುರಿನಿಂದ ಕೆರೆದರೆ ಉದುರುತ್ತದೆ, ಇಟ್ಟಂಗಿಗೆ ಏನೂ ಆಗುವುದಿಲ್ಲ. ತೊಳೆದೆ. ಒಂದು ಬದಿಗೆ ಮೇಕೆಯ ಗೊರಸಿನ ಗುರುತು ಇದೆ, ಎರಡು ಸೀಳು ಸ್ಪಷ್ಟವಾಗಿ ಕಾಣುತ್ತವೆ. ಹಸಿ ಇದ್ದಾಗ ತುಳಿದಿರಬೇಕು. ಅದನ್ನು ನೋಡಿದ ಮೇಲೆ ಎಲ್ಲವನ್ನೂ ಟ್ರ್ಯಾಕ್ಟರ್‌ಗೆ ತುಂಬಿ ಕಳಿಸಲು ಮನಸ್ಸು ಬರುತ್ತಿಲ್ಲ.

ಇದೇ ಜಾಗದಲ್ಲಿ ಪಿಲ್ಲರ್ ಹಾಕಿ ಹೊಸ ಮನೆ ಕಟ್ಟುತ್ತೇವೆ. ಈ ಇಟ್ಟಂಗಿಗಳನ್ನು ಅದರ ಗೋಡೆಗೆ ಬಳಸಬಹುದಾ? ಯಾರಾದರೂ ಮಾಡಿ ನೋಡಿದ್ದೀರಾ?

ಕರಣೆ ಹಿಡಿದ ಕೈ (ರಾಯಚೂರು)

ತಮ್ಮಾ, ಮೊದಲು ಜೆಸಿಬಿಯನ್ನು ಗೋಡೆಗೆ ಮುಟ್ಟಿಸಬೇಡ. ಮಿಕ್ಕಿದ್ದು ಆಮೇಲೆ.

ನಾನು ಮೂವತ್ತು ವರ್ಷದಿಂದ ಗೌಂಡಿ ಕೆಲಸ ಮಾಡುತ್ತಿದ್ದೇನೆ. ನಮ್ಮಪ್ಪನೂ ಗೌಂಡಿ. ನಿನ್ನ ಮನೆಗೆ ಸುಣ್ಣದ ಗಾರೆ ಹಾಕಿದ್ದಾರೆ, ಅದೇ ನಿನ್ನ ಪುಣ್ಯ. ಸುಣ್ಣದ ಗಾರೆ ಇಟ್ಟಂಗಿಗಿಂತ ಮೆತ್ತಗೆ ಇರುತ್ತದೆ. ಹಾಗಾಗಿ ಬಿಚ್ಚುವಾಗ ಗಾರೆ ಒಡೆಯುತ್ತದೆ, ಇಟ್ಟಂಗಿ ಇಡಿಯಾಗಿ ಕೈಗೆ ಬರುತ್ತದೆ. ಸಿಮೆಂಟಿನ ಗೋಡೆ ಹಾಗಲ್ಲ. ಅಲ್ಲಿ ಸಿಮೆಂಟೇ ಗಟ್ಟಿ, ಇಟ್ಟಂಗಿಯೇ ಮೆತ್ತಗೆ. ಸುತ್ತಿಗೆ ಕೊಟ್ಟರೆ ಇಟ್ಟಂಗಿ ಒಡೆದು ಸಿಮೆಂಟು ಅಂಟಿಕೊಂಡೇ ಇರುತ್ತದೆ. ಈಗ ನಾವು ಕಟ್ಟುತ್ತಿರುವ ಮನೆಗಳನ್ನು ಮೊಮ್ಮಕ್ಕಳು ಕೆಡವಿದರೆ ಅವರಿಗೆ ಹೀಗೆ ಇಡೀ ಇಟ್ಟಂಗಿ ಸಿಗುವುದು ಕಷ್ಟ.

ನಾಲ್ಕು ಜನ ಹಚ್ಚು. ಮೇಲಿನ ವರಸೆಯಿಂದ ಒಂದೊಂದೇ ಬಿಚ್ಚಿಸು. ಮೇಲಿಂದ ಎಸೆಯಬಾರದು, ಕೈಯಿಂದ ಕೈಗೆ ಇಳಿಸಬೇಕು. ಹಳೇ ಬಾಚಿ ಅಥವಾ ಸಣ್ಣ ಸುತ್ತಿಗೆಯಿಂದ ಗಾರೆ ಕೆರೆಯಬೇಕು. ಆರೂ ಮಗ್ಗುಲು ಸ್ವಚ್ಛ ಆಗಬೇಕು. ಹಳೇ ಗಾರೆ ಉಳಿದರೆ ಹೊಸ ಗಾರೆ ಹಿಡಿಯುವುದಿಲ್ಲ. ಆಸಿಡ್ ಹಾಕಿ ತೊಳಿ ಅಂತ ಯಾರಾದರೂ ಹೇಳಿದರೆ ಕೇಳಬೇಡ. ನೊರೆ ಬಂದು ಸುಣ್ಣ ಕರಗುತ್ತದೆ ನಿಜ, ಆದರೆ ಇಟ್ಟಂಗಿಯ ಒಳಗೆ ಉಪ್ಪು ಉಳಿಯುತ್ತದೆ.

ಹಳೇ ಗೋಡೆಯ ಸಂದಿಯಲ್ಲಿ ಚೇಳು ಇರುತ್ತವೆ. ಬರಿಗೈ ಹಾಕಬೇಡಿ. ಕೈಗವಸು ಬೇಕು, ಮೂಗಿಗೆ ಬಟ್ಟೆ ಬೇಕು. ನೀರು ಚಿಮುಕಿಸಿ ಕೆರೆದರೆ ಧೂಳು ಏಳುವುದಿಲ್ಲ.

ಬಿಸಿಲು ಬಳ್ಳಾರಿ

ಬೇಜಾರು ಮಾಡಿಕೊಳ್ಳಬೇಡಿ, ನನ್ನ ಅಭಿಪ್ರಾಯ ಬೇರೆ. ಅಜ್ಜ ನೆಟ್ಟ ಆಲದ ಮರ ಅಂತ ಅದಕ್ಕೇ ಜೋತು ಬೀಳೋದು ಬೇಡ. ನಾಲ್ಕು ಜನರ ಕೂಲಿ, ಇಟ್ಟಿಗೆ ಜೋಡಿಸಲು ಜಾಗ, ಕೆಲಸ ತಡ. ಇದೆಲ್ಲ ಲೆಕ್ಕ ಹಾಕಿ. ನಮ್ಮಲ್ಲಿ ಹಾರುಬೂದಿ ಇಟ್ಟಿಗೆ, ಅಂದರೆ ಕಲ್ಲಿದ್ದಲು ಸುಟ್ಟ ಬೂದಿಯದ್ದು, ಧಾರಾಳವಾಗಿ ಸಿಗುತ್ತದೆ. ಕುಡತಿನಿಯಲ್ಲಿ ಬಳ್ಳಾರಿ ಥರ್ಮಲ್, ಶಕ್ತಿನಗರದಲ್ಲಿ ರಾಯಚೂರು ಥರ್ಮಲ್, ಪಕ್ಕದಲ್ಲೇ ಯರಮರಸ್. ಮೂರೂ ಕಡೆ ಬೂದಿ ಗುಡ್ಡೆ ಬಿದ್ದಿದೆ. ಆ ಇಟ್ಟಿಗೆಯನ್ನು ಬೆಂಕಿಯಲ್ಲಿ ಸುಡುವುದಿಲ್ಲ, ಅಚ್ಚು ಒತ್ತಿ ನೀರು ಕುಡಿಸಿ ಗಟ್ಟಿ ಮಾಡುತ್ತಾರೆ. ಅಳತೆ ಒಂದೇ ಸಮ, ಮೂಲೆ ಚೂಪು, ಪ್ಲಾಸ್ಟರ್ ಕಮ್ಮಿ ಸಾಕು. ಪಿಲ್ಲರ್ ಮನೆಗೆ ಅದೇ ಸರಿ.

ಸಿಂಧನೂರು ಅಕ್ಕ

ಇಬ್ಬರ ಮಾತಲ್ಲೂ ಸತ್ಯ ಇದೆ. ನಾನು ಕೈ ಸುಟ್ಟುಕೊಂಡವಳು, ನನ್ನ ಕತೆ ಕೇಳಿ.

ಎಂಟು ವರ್ಷದ ಹಿಂದೆ ಮನೆಯ ಮುಂಭಾಗಕ್ಕೆ ಹಳೇ ಇಟ್ಟಿಗೆ ಬೇಕು ಅಂತ ಹಠ ಹಿಡಿದೆ. ನಮ್ಮದು ಯಾವುದೂ ಹಳೇ ಮನೆ ಇರಲಿಲ್ಲ. ಹಳೇ ಬಾಗಿಲು, ಕಿಟಕಿ ಮಾರುವ ಒಬ್ಬರ ಹತ್ತಿರ ಎರಡು ಲಾರಿ ತರಿಸಿದೆ. ಎಲ್ಲಿಯದು, ಯಾವ ಗೋಡೆಯದು ಅಂತ ಕೇಳಲೇ ಇಲ್ಲ. ಬಣ್ಣ ಚೆಂದ ಇತ್ತು, ಕೆಂಪು, ಕಿತ್ತಳೆ, ಕಂದು ಎಲ್ಲಾ ಮಿಕ್ಸ್. ಸಿಮೆಂಟ್ ಗಾರೆ ಹಾಕಿ ಪ್ಲಾಸ್ಟರ್ ಇಲ್ಲದೆ ಬಿಟ್ಟೆವು. ಬಂದವರೆಲ್ಲ ನಿಂತು ನೋಡುತ್ತಿದ್ದರು.

ಎರಡನೇ ಮಳೆಗಾಲ ಮುಗಿದ ಮೇಲೆ ಶುರುವಾಯಿತು. ಮೊದಲು ಬಿಳಿ ಹೂವಿನ ಹಾಗೆ ಉಪ್ಪು. ಒರೆಸಿದೆ, ಮತ್ತೆ ಬಂತು. ಆಮೇಲೆ ಕಿತ್ತಳೆ ಬಣ್ಣದ ಇಟ್ಟಿಗೆಗಳ ಮುಖ ಪದರು ಪದರಾಗಿ ಉದುರಿತು. ಬೆಳಗ್ಗೆ ಕಸ ಗುಡಿಸಿದರೆ ಗೋಡೆಯ ಬುಡಕ್ಕೆಲ್ಲ ಕೆಂಪು ಪುಡಿ. ಇಟ್ಟಿಗೆ ಒಳಗೆ ಸರಿದು ಸಿಮೆಂಟಿನ ಗೆರೆ ಮಾತ್ರ ಹೊರಗೆ ಚಾಚಿಕೊಂಡು ನಿಂತಿತು, ಜೇನುಹುಟ್ಟಿನ ಹಾಗೆ. ಕೊನೆಗೆ ಆ ಗೋಡೆಯ ಅರ್ಧ ಬಿಚ್ಚಿಸಿದೆ.

ತಪ್ಪು ಇಟ್ಟಿಗೆಯದಲ್ಲ. ಆರಿಸದೆ ಕಟ್ಟಿದ ನನ್ನದು. ನಿಮಗೆ ಒಂದು ಅನುಕೂಲ ಇದೆ, ನೋಡಿ. ನಿಮ್ಮ ಇಟ್ಟಂಗಿ ಯಾವ ಗೋಡೆಯ ಯಾವ ವರಸೆಯಿಂದ ಬಂತು ಅಂತ ನಿಮಗೆ ಗೊತ್ತಿರುತ್ತದೆ. ಅದನ್ನು ಕಳೆದುಕೊಳ್ಳಬೇಡಿ.

ಸಿರುಗುಪ್ಪ ಭಟ್ಟಿಯವ

ಅಕ್ಕ ಹೇಳಿದ ಕಿತ್ತಳೆ ಇಟ್ಟಂಗಿ ಅಂದರೆ ಅರೆಬೆಂದದ್ದು. ನಮ್ಮದು ಇಟ್ಟಂಗಿ ಭಟ್ಟಿ, ದಿನಾ ನೋಡುವ ಮಾಲು. ಹಳೇ ಕಾಲದ ಗೂಡುಗಳಲ್ಲಿ ಬೆಂಕಿ ಎಲ್ಲಾ ಕಡೆ ಒಂದೇ ಸಮ ತಾಗುತ್ತಿರಲಿಲ್ಲ. ಒಳಗಿನವು ಚೆನ್ನಾಗಿ ಬೆಂದು ಕೆಂಪಾಗುತ್ತಿದ್ದವು. ಬೆಂಕಿಗೆ ತೀರಾ ಹತ್ತಿರ ಇದ್ದವು ಕಪ್ಪಗಾಗಿ ಸೊಟ್ಟಗಾಗುತ್ತಿದ್ದವು. ಹೊರಮೈಯವು ಹಸಿಯೇ ಉಳಿಯುತ್ತಿದ್ದವು. ಒಳ್ಳೇ ಇಟ್ಟಂಗಿಗೆ 900ರಿಂದ 1000 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು.

ಆಗಿನ ಗೌಂಡಿಗಳಿಗೆ ಇದು ಗೊತ್ತಿತ್ತು. ಚೆನ್ನಾಗಿ ಬೆಂದದ್ದನ್ನು ಹೊರಮೈಗೆ, ಅರೆಬೆಂದದ್ದನ್ನು ಗೋಡೆಯ ಹೊಟ್ಟೆಗೆ ಇಡುತ್ತಿದ್ದರು. ಒಳಗೆ ಮಳೆ ಇಲ್ಲ, ಬಿಸಿಲಿಲ್ಲ, ನೂರು ವರ್ಷ ಆರಾಮಾಗಿ ಇರುತ್ತಿತ್ತು. ಈಗ ಗೋಡೆ ಕೆಡವಿ ಗುಡ್ಡೆ ಹಾಕಿದರೆ ಎರಡೂ ಬೆರೆತು ಹೋಗುತ್ತವೆ. ಹೊಟ್ಟೆಯಲ್ಲಿ ಇದ್ದದ್ದು ಹೊರಗೆ ಬರುತ್ತದೆ. ಅಕ್ಕನ ಮನೆಯಲ್ಲಿ ಆಗಿದ್ದು ಇದೇ.

ಇನ್ನೊಂದು. ನಮ್ಮ ಎರೆ ಮಣ್ಣಿನಲ್ಲಿ ಸುಣ್ಣದ ಹರಳು ಜಾಸ್ತಿ. ಇಟ್ಟಂಗಿಯೊಳಗೆ ಹರಳು ಸೇರಿದರೆ ಸುಟ್ಟ ಮೇಲೆ ನೀರು ತಾಗಿದಾಗ ಅರಳಿ ಇಟ್ಟಂಗಿಯನ್ನು ಒಡೆಯುತ್ತದೆ. ಹೊಸ ಇಟ್ಟಂಗಿಯಲ್ಲಿ ಈ ಭಯ ಇರುತ್ತದೆ. ಎಪ್ಪತ್ತು ವರ್ಷ ಮಳೆ ಕಂಡ ಇಟ್ಟಂಗಿಯಲ್ಲಿ ಒಡೆಯುವುದೆಲ್ಲ ಆಗಲೇ ಒಡೆದಾಗಿರುತ್ತದೆ. ಉಳಿದದ್ದು ಪರೀಕ್ಷೆ ಪಾಸಾದದ್ದು ಅಂತಲೇ ಲೆಕ್ಕ. ಹೊಸ ಇಟ್ಟಂಗಿ ಭಟ್ಟಿಯಿಂದ ಬಂದ ಮೇಲೆ ಗಾಳಿಯ ತೇವ ಹೀರಿ ಕೂದಲೆಳೆಯಷ್ಟು ಹಿಗ್ಗುತ್ತದೆ. ಹಳೇದು ಹಿಗ್ಗಿ ಮುಗಿದಿದೆ. ಹೊಸ ಇಟ್ಟಂಗಿ ಮಾರುವವನಾಗಿ ನಾನೇ ಇದನ್ನು ಹೇಳುತ್ತಿದ್ದೇನೆ, ನಿಜ ಅದೇ.

ಮೇಕೆ ಗೊರಸಿನ ಇಟ್ಟಂಗಿ ಇಟ್ಟುಕೊಳ್ಳಿ. ಅಚ್ಚಿನಿಂದ ತೆಗೆದು ಕಣದಲ್ಲಿ ಒಣಗಲು ಹಾಕಿದಾಗ ಆಡು, ನಾಯಿ, ಕೋಳಿ ಎಲ್ಲಾ ಓಡಾಡುತ್ತವೆ. ನಮ್ಮಲ್ಲಿ ಈಗಲೂ ಹಾಗೇ.

ಬಳ್ಳಾರಿ ಸಿವಿಲ್

ಈಗ ಪರೀಕ್ಷೆ ಮಾಡುವುದು ಹೇಗೆ ಅಂತ ಹೇಳುತ್ತೇನೆ. ಮನೆಯಲ್ಲೇ ಆಗುತ್ತದೆ.

ಎರಡು ಇಟ್ಟಿಗೆ ಹಿಡಿದು ಒಂದಕ್ಕೊಂದು ತಟ್ಟಿ. ಟಣ್ ಅನ್ನಬೇಕು. ಬೊದ್ ಅಂದರೆ ಬೇರೆ ಗುಡ್ಡೆಗೆ. ಉಗುರಿನಿಂದ ಗೀರಿ, ಗೆರೆ ಬಿದ್ದರೆ ಅದೂ ಬೇರೆ ಗುಡ್ಡೆಗೆ. ಸೊಂಟದೆತ್ತರದಿಂದ, ಅಂದರೆ ಒಂದು ಮೀಟರ್‌ನಿಂದ ಗಟ್ಟಿ ಮಣ್ಣಿನ ಮೇಲೆ ಬಿಡಿ. ಒಳ್ಳೇದು ಒಡೆಯುವುದಿಲ್ಲ.

ಮುಖ್ಯವಾದದ್ದು ನೀರಿನ ಪರೀಕ್ಷೆ. ಪೂರ್ತಿ ಒಣಗಿದ ಇಟ್ಟಿಗೆಯನ್ನು ಕಿರಾಣಿ ಅಂಗಡಿ ತಕ್ಕಡಿಯಲ್ಲಿ ತೂಗಿ. 24 ಗಂಟೆ ನೀರಲ್ಲಿ ಮುಳುಗಿಸಿಡಿ. ತೆಗೆದು ಮೇಲಿನ ನೀರು ಒರೆಸಿ ಮತ್ತೆ ತೂಗಿ. ಎಷ್ಟು ಜಾಸ್ತಿ ಆಯಿತೋ ಅದನ್ನು ಒಣ ತೂಕದಿಂದ ಭಾಗಿಸಿ. ಸಾಮಾನ್ಯ ಇಟ್ಟಿಗೆಗೆ ಐಎಸ್ 1077, ಅಂದರೆ ಸುಟ್ಟ ಇಟ್ಟಿಗೆಯ ಭಾರತೀಯ ಮಾನದಂಡ, ಹೇಳುವುದು ಶೇ 20ರ ಮೇಲೆ ಹೋಗಬಾರದು ಅಂತ. ಇನ್ನೂ ಗಟ್ಟಿ ದರ್ಜೆಗೆ ಶೇ 15. ಅದಕ್ಕಿಂತ ಜಾಸ್ತಿ ಕುಡಿದರೆ ಮಳೆಗೆ ಬಯಲಾಗುವ ಕಡೆ ಇಡಬೇಡಿ.

ಭಾರ ಹೊರುವ ಗೋಡೆ ಆಗಿದ್ದರೆ ಐದು ಇಟ್ಟಿಗೆ ತೆಗೆದುಕೊಂಡು ಯಾವುದಾದರೂ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಒತ್ತಿಸಿ ನೋಡಿ. ಚದರ ಮಿಲಿಮೀಟರ್‌ಗೆ 3.5 ನ್ಯೂಟನ್ ಅತಿ ಕೆಳಗಿನ ದರ್ಜೆ. ನಿಮ್ಮದು ಪಿಲ್ಲರ್ ಮನೆ, ಮಾಳಿಗೆಯ ಭಾರ ಪಿಲ್ಲರ್ ಮೇಲೆ ಹೋಗುತ್ತದೆ, ನಡುವಿನ ಗೋಡೆ ತನ್ನ ಭಾರ ಹೊತ್ತರೆ ಸಾಕು. ಆದರೂ ನಿಮ್ಮ ಇಂಜಿನಿಯರ್‌ಗೆ ಮೊದಲೇ ಹೇಳಿ. ಹಳೇ ಇಟ್ಟಿಗೆ ತೂಕ ಜಾಸ್ತಿ, ಅವರ ಲೆಕ್ಕದಲ್ಲಿ ಅದು ಬರಬೇಕು.

ಇನ್ನು ಸವುಳು, ಅಂದರೆ ಮಣ್ಣಿನ ಉಪ್ಪು. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಕಾಲುವೆ ನೀರು ಬಂದ ಮೇಲೆ ಎಷ್ಟೋ ಭೂಮಿ ಸವುಳಾಗಿದೆ, ನಿಮಗೇ ಗೊತ್ತು. ಆ ನೀರು ಗೋಡೆಯ ಬುಡದಿಂದ ಮೇಲೆ ಹತ್ತುತ್ತದೆ. ನೀರು ಆರಿ ಹೋಗುತ್ತದೆ, ಉಪ್ಪು ಇಟ್ಟಿಗೆಯೊಳಗೇ ಉಳಿಯುತ್ತದೆ. ಅದು ಹರಳು ಕಟ್ಟುವಾಗ ಇಟ್ಟಿಗೆಯ ಮುಖವನ್ನು ಒಳಗಿನಿಂದ ತಳ್ಳಿ ಉದುರಿಸುತ್ತದೆ. ಆದ್ದರಿಂದ ನೆಲದಿಂದ ಎರಡು, ಮೂರು ಅಡಿವರೆಗಿನ ಇಟ್ಟಿಗೆಗಳನ್ನು ಬೇರೆಯೇ ಇಡಿ. ನೋಡಲು ಎಷ್ಟೇ ಚೆಂದ ಇದ್ದರೂ ಹೊಸ ಗೋಡೆಗೆ ಬೇಡ. ಅಂಗಳದಲ್ಲಿ ಹಾಸಿ.

ಸಿಮೆಂಟ್ ಮಾತ್ರ ಹಾಕಿದರೆ ಏನಾಗುತ್ತದೆ ಅಂದರೆ, ಸಿಮೆಂಟ್ ಗಾರೆಯಲ್ಲಿ ತೇವ ಹೊರಗೆ ಹೋಗಲು ದಾರಿ ಕಮ್ಮಿ. ಎಲ್ಲಾ ತೇವ ಮೆತ್ತಗಿನ ಇಟ್ಟಿಗೆಯ ಮೂಲಕವೇ ಹೋಗಬೇಕು. ಅದಕ್ಕೇ ಅಕ್ಕನ ಮನೆಯಲ್ಲಿ ಇಟ್ಟಿಗೆ ಸವೆದು ಗಾರೆ ಉಳಿಯಿತು. ಆಗಬೇಕಾದ್ದು ಉಲ್ಟಾ. ಸವೆದರೆ ಗಾರೆ ಸವೆಯಬೇಕು, ಅದನ್ನು ಮತ್ತೆ ತುಂಬಬಹುದು. ಬರೀ ಸುಣ್ಣದ ಕೆಲಸ ಮಾಡುವವರು ಸಿಗದಿದ್ದರೆ ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಮರಳು ಹಾಕಿ.

ಕೊಪ್ಪಳ ಮೇಷ್ಟ್ರು

ಇಷ್ಟೆಲ್ಲ ಓದಿ ಸುಮ್ಮನಿರಲು ಆಗಲಿಲ್ಲ. ನಾನು ಮಕ್ಕಳಿಗೆ ಇತಿಹಾಸ ಪಾಠ ಮಾಡಿದವನು. ಹಳೇ ಇಟ್ಟಿಗೆಯನ್ನು ಮತ್ತೆ ಬಳಸುವುದು ಇಟ್ಟಿಗೆಯಷ್ಟೇ ಹಳೆಯದು.

ಇಂಗ್ಲೆಂಡಿನಲ್ಲಿ ಸೇಂಟ್ ಆಲ್ಬನ್ಸ್ ಅಂತ ಒಂದು ದೊಡ್ಡ ಚರ್ಚು. 1077ರಲ್ಲಿ ಕಟ್ಟಲು ಶುರು ಮಾಡಿದರು. ಅಲ್ಲಿ ಕಟ್ಟಡಕ್ಕೆ ಒಳ್ಳೇ ಕಲ್ಲು ಸಿಗುವುದಿಲ್ಲ. ಪಕ್ಕದಲ್ಲೇ ವೆರುಲಾಮಿಯಂ ಎಂಬ ಹಾಳು ರೋಮನ್ ಊರಿತ್ತು. ಅದರ ಇಟ್ಟಿಗೆಗಳನ್ನು ತಂದು ಗೋಪುರ ಎಬ್ಬಿಸಿದರು. ರೋಮನ್ನರ ಇಟ್ಟಿಗೆ ಈಗಲೂ ಆ ಗೋಪುರದಲ್ಲಿ ಕೆಂಪಗೆ ಕಾಣುತ್ತದೆ. ಬ್ಯಾಬಿಲೋನಿನ ರಾಜ ನೆಬುಕಡ್ನೆಜರ್ ತನ್ನ ಹೆಸರು ಒತ್ತಿಸಿ ಇಟ್ಟಿಗೆ ಮಾಡಿಸಿದ್ದ. ಆ ಹೆಸರಿನ ಇಟ್ಟಿಗೆಗಳು ಆಮೇಲೆ ಪಕ್ಕದ ಹಿಲ್ಲಾ ಊರಿನ ಮನೆಗಳ ಗೋಡೆ ಸೇರಿದವು.

ಎರಡನೇ ಮಹಾಯುದ್ಧ ಮುಗಿದಾಗ ಜರ್ಮನಿಯ ಊರುಗಳು ನೆಲಸಮ ಆಗಿದ್ದವು. ಬರ್ಲಿನ್ನಿನಲ್ಲಿ ಹೆಂಗಸರು ಸಾಲಾಗಿ ನಿಂತು, ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸಿ, ಸುತ್ತಿಗೆಯಿಂದ ಗಾರೆ ಕೆರೆದು ಜೋಡಿಸಿಟ್ಟರು. ಹೊಸ ಮನೆಗಳಿಗೆ ಅದೇ ಇಟ್ಟಿಗೆ. ರಾಯಚೂರಿನ ಅಣ್ಣ ಮೇಲೆ ಹೇಳಿದ ಕೆಲಸವೇ ಅದು, ಒಂದು ವ್ಯತ್ಯಾಸ ಇಲ್ಲ.

ನಮ್ಮ ಉಪಖಂಡದ ಕತೆ ಕೇಳಿದರೆ ಹೊಟ್ಟೆ ಉರಿಯುತ್ತದೆ. 1850ರ ದಶಕದಲ್ಲಿ ಲಾಹೋರ್‌ನಿಂದ ಮುಲ್ತಾನ್‌ಗೆ ರೈಲು ಹಾದಿ ಹಾಕುವಾಗ ಹರಪ್ಪದ ದಿಬ್ಬಗಳಿಂದ ಇಟ್ಟಿಗೆ ಅಗೆದು ಹಳಿಯ ಕೆಳಗೆ ಜಲ್ಲಿಯಾಗಿ ಸುರಿದರು. ಸುಮಾರು 160 ಕಿಲೋಮೀಟರ್ ಹಾದಿಗೆ ಆಗುವಷ್ಟು. ನಾಲ್ಕು ಸಾವಿರ ವರ್ಷದ ಹಿಂದಿನ ಇಟ್ಟಿಗೆ ಅವು. ದಪ್ಪ ಒಂದು, ಅಗಲ ಎರಡು, ಉದ್ದ ನಾಲ್ಕು, ಈ ಲೆಕ್ಕಕ್ಕೆ ಸರಿಯಾಗಿ ಮಾಡಿದವು. 1921ರಲ್ಲಿ ದಯಾರಾಮ್ ಸಾಹ್ನಿ ಅಲ್ಲಿ ಉತ್ಖನನ ಶುರು ಮಾಡುವ ಹೊತ್ತಿಗೆ ದಿಬ್ಬ ಬಹಳಷ್ಟು ಹಾಳಾಗಿತ್ತು. ಒಂದು ಇಡೀ ಊರಿನ ಕತೆ ರೈಲಿನ ಕೆಳಗೆ ಹೋಯಿತು. ಇದನ್ನು ಯಾಕೆ ಹೇಳಿದೆ ಅಂದರೆ, ಇಟ್ಟಿಗೆ ಉಳಿಸುವುದಕ್ಕೂ ದೋಚುವುದಕ್ಕೂ ನಡುವೆ ಗೆರೆ ಇದೆ.

ಹಂಪಿಗೆ ಹೋದಾಗ ವಿರೂಪಾಕ್ಷನ ಗೋಪುರ ಕತ್ತೆತ್ತಿ ನೋಡಿ. ಬುಡ ಕಲ್ಲು, ಮೇಲಿನ ಅಂತಸ್ತುಗಳು ಇಟ್ಟಿಗೆ ಮತ್ತು ಗಚ್ಚುಗಾರೆ. ಕಲ್ಲಿನ ಊರಿನಲ್ಲಿ ಕೂಡ ಎತ್ತರಕ್ಕೆ ಇಟ್ಟಿಗೆಯನ್ನೇ ಏರಿಸಿದರು, ಭಾರ ಕಮ್ಮಿ ಅಂತ. ಕೃಷ್ಣ ದೇವಸ್ಥಾನದ ಗೋಪುರದಲ್ಲಿ ಗಾರೆ ಉದುರಿದ ಕಡೆ ಇಟ್ಟಿಗೆಯ ವರಸೆ ಹಾಗೇ ಕಾಣುತ್ತದೆ.

ಹೊಸಬ (ಗಂಗಾವತಿ)

ಮೇಷ್ಟ್ರೇ, ಆನೆಗೊಂದಿ ಕಡೆ ಹೊಲದಲ್ಲಿ ಉಳುವಾಗ ಹಳೇ ಇಟ್ಟಂಗಿ ಬರುತ್ತವೆ. ಅದನ್ನು ತಂದು ಬಳಸಬಹುದಾ?

ಕೊಪ್ಪಳ ಮೇಷ್ಟ್ರು

ಬೇಡಪ್ಪಾ, ಖಂಡಿತ ಬೇಡ. ಆನೆಗೊಂದಿಯೂ ಹಂಪಿ ವಿಶ್ವ ಪರಂಪರೆ ಪ್ರದೇಶದ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತದೆ. ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗೂ ಇಲ್ಲ, ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. ಹೊಲದಲ್ಲಿ ಇಟ್ಟಿಗೆ ಸಾಲಾಗಿ ಕಂಡರೆ ಅದು ಗೋಡೆಯ ಬುಡ ಇರಬಹುದು. ಅಲ್ಲೇ ಬಿಡಿ, ಪುರಾತತ್ವ ಇಲಾಖೆಗೆ ತಿಳಿಸಿ. ಇಟ್ಟಿಗೆ ಇದ್ದ ಜಾಗದಲ್ಲಿ ಇದ್ದರೆ ಮಾತ್ರ ಅದು ಏನಾದರೂ ಹೇಳುತ್ತದೆ. ಭತ್ತದ ನಾಡಿನವರ ವಿಷಯ ಬೇರೆ. ಅವರ ಮನೆ, ಅವರ ಅಜ್ಜ ಕಟ್ಟಿಸಿದ್ದು.

ಭತ್ತದ ನಾಡಿನವ (ಗಂಗಾವತಿ)

ಎಲ್ಲರಿಗೂ ಕೈ ಮುಗಿಯುತ್ತೇನೆ. ಜೆಸಿಬಿಯನ್ನು ಕೊಟ್ಟಿಗೆಗೆ ಮಾತ್ರ ಅಂತ ಹೇಳಿದ್ದೇನೆ. ಮೂರು ಇಟ್ಟಂಗಿ ನೆನೆಸಿ ನೋಡಿದೆ.

ಮೇಲಿನ ವರಸೆಯ ಕೆಂಪು ಇಟ್ಟಂಗಿ ಒಣಗಿದ್ದಾಗ 3.2 ಕೆಜಿ, ನೆನೆದ ಮೇಲೆ 3.7. ಅಂದರೆ ಶೇ 15.6. ಗೋಡೆಯ ಹೊಟ್ಟೆಯಿಂದ ತೆಗೆದ ಕಿತ್ತಳೆ ಬಣ್ಣದ್ದು 2.9 ಇದ್ದದ್ದು 3.6 ಆಯಿತು, ಶೇ 24. ನೀರಿಗೆ ಹಾಕಿದಾಗ ಅದು ಎಷ್ಟೋ ಹೊತ್ತು ಗುಳುಗುಳು ಅನ್ನುತ್ತಲೇ ಇತ್ತು. ಬುಡದ ವರಸೆಯದನ್ನು ನೆನೆಸಿ ಒಣಗಿಸಿದೆ. ಎರಡನೇ ದಿನ ಅದರ ಮೈ ಮೇಲೆ ಬಿಳಿ ಪುಡಿ. ಸಿವಿಲ್ ಸರ್ ಹೇಳಿದ್ದು ಕಣ್ಣೆದುರೇ ಕಂಡಿತು.

ಈಗ ಬೇರೆ ತೊಡಕು. ಹಳೇ ಮನೆಯ ಸಾಮಾನು ಹೊಸ ಮನೆಗೆ ಹಾಕಬಾರದು, ವಾಸ್ತುಗೆ ಆಗಿಬರುವುದಿಲ್ಲ ಅಂತ ಯಾರೋ ಅಮ್ಮನಿಗೆ ಹೇಳಿದ್ದಾರೆ. ಅವರು ನಿನ್ನೆಯಿಂದ ಊಟ ಸರಿಯಾಗಿ ಮಾಡಿಲ್ಲ.

ಸಿಂಧನೂರು ಅಕ್ಕ

ತಮ್ಮಾ, ಅಮ್ಮನ ಜೊತೆ ವಾದ ಮಾಡಬೇಡ. ಮನೆ ಅವರಿಗೂ ಸೇರಿದ್ದು. ನಮ್ಮ ಅತ್ತೆಯೂ ಇದೇ ಮಾತು ಹೇಳಿದ್ದರು. ನಾವು ದೇವರ ಕೋಣೆಗೆ, ಅಡುಗೆ ಮನೆಗೆ ಹೊಸ ಇಟ್ಟಿಗೆ ಹಾಕಿಸಿದೆವು. ಮುಂಭಾಗಕ್ಕೆ ಮಾತ್ರ ಹಳೆಯದು. ಅವರಿಗೆ ಸಮಾಧಾನ ಆಯಿತು. ಅಮ್ಮನನ್ನು ಆ ಪಡಸಾಲೆಗೆ ಕರೆದುಕೊಂಡು ಹೋಗಿ ಮೇಕೆ ಇಟ್ಟಂಗಿ ಕೈಯಲ್ಲಿ ಕೊಡು. ಅವರು ಆ ಮನೆಗೆ ಸೊಸೆಯಾಗಿ ಬಂದವರು ಅಲ್ವಾ. ಅವರೇ ಏನು ಹೇಳುತ್ತಾರೆ ಕೇಳು.

ಕರಣೆ ಹಿಡಿದ ಕೈ (ರಾಯಚೂರು)

ಆ ಕಿತ್ತಳೆ ಇಟ್ಟಂಗಿ, ಒಡೆದ ಚೂರು ಎಸೆಯಬೇಡ. ಅವೇ ಸುರ್ಕಿ. ಇಟ್ಟಂಗಿಯನ್ನು ನುಣ್ಣಗೆ ಪುಡಿ ಮಾಡಿ ಸುಣ್ಣಕ್ಕೆ ಬೆರೆಸಿದರೆ ನೀರಿನಲ್ಲೂ ಗಟ್ಟಿ ಹಿಡಿಯುವ ಗಾರೆ ಆಗುತ್ತದೆ. ಬರೀ ಸುಣ್ಣ ಗಾಳಿಗೆ ನಿಧಾನವಾಗಿ ಗಟ್ಟಿಯಾಗುವ ಸಾಮಾನು. ಸುರ್ಕಿ ಸೇರಿದರೆ ಅದರ ಗುಣವೇ ಬದಲಾಗುತ್ತದೆ. ಇದಕ್ಕೆ ತೀರಾ ಕಪ್ಪಗೆ ಸುಟ್ಟದ್ದಕ್ಕಿಂತ ಸ್ವಲ್ಪ ಕಮ್ಮಿ ಬೆಂದದ್ದೇ ಚೆನ್ನ. ನೀನು ಬೇಡ ಅಂತ ತೆಗೆದಿಟ್ಟದ್ದೇ ಇಲ್ಲಿ ಕೆಲಸಕ್ಕೆ ಬಂತು. ಬುಡದ ಉಪ್ಪಿನ ಇಟ್ಟಂಗಿ ಮಾತ್ರ ಬೆರೆಸಬೇಡ.

ನಿನ್ನ ಮನೆಯ ಹತ್ತಿರದ ತುಂಗಭದ್ರಾ ಡ್ಯಾಮೇ ಇದಕ್ಕೆ ಸಾಕ್ಷಿ. ಮುನಿರಾಬಾದ್ ಕಡೆಯಿಂದ ನಿಂತು ನೋಡು. 1953ರಲ್ಲಿ ನೀರು ನಿಲ್ಲಿಸಿದ ಆ ಕಲ್ಲಿನ ಕಟ್ಟೆಗೆ ಹಾಕಿದ್ದು ಸುರ್ಕಿ ಗಾರೆ.

ನಾನು ಹಾಕುವ ಹದ ಹೇಳುತ್ತೇನೆ. ಒಂದು ಪಾಲು ಅರಳಿಸಿದ ಸುಣ್ಣ, ಒಂದು ಪಾಲು ಸುರ್ಕಿ, ಒಂದೂವರೆ ಪಾಲು ಮರಳು. ಸುಣ್ಣವನ್ನು ಕಮ್ಮಿ ಅಂದರೂ ಹದಿನೈದು ದಿನ ನೀರಲ್ಲಿ ನೆನೆಹಾಕಿ ಇಡಬೇಕು. ನಮ್ಮಪ್ಪ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸುತ್ತಿದ್ದ. ಮೊದಲು ಎತ್ತು ಕಟ್ಟಿ ಗಾಣದಲ್ಲಿ ಅರೆಯುತ್ತಿದ್ದರು. ಈಗ ಮಿಕ್ಸರ್ ಸಾಕು. ಕಟ್ಟುವ ಮುಂಚೆ ಇಟ್ಟಂಗಿಗೆ ಚೆನ್ನಾಗಿ ನೀರು ಕುಡಿಸು. ದಿನಕ್ಕೆ ಮೂರು ಅಡಿಗಿಂತ ಮೇಲೆ ಏರಿಸಬೇಡ. ಆಮೇಲೆ ಒದ್ದೆ ಗೋಣಿಚೀಲ ಹೊದಿಸು. ನಮ್ಮ ಬಿಸಿಲಿಗೆ ಗಾರೆ ಬೇಗ ಒಣಗಿದರೆ ಪುಡಿಯಾಗುತ್ತದೆ.

ಅರಳುವ ಸುಣ್ಣದ ಹತ್ತಿರ ಮಕ್ಕಳನ್ನು ಬಿಡಬೇಡ. ಕುದಿಯುತ್ತದೆ, ಕಣ್ಣಿಗೆ ಹಾರಿದರೆ ಕಣ್ಣು ಹೋಗುತ್ತದೆ.

ಬಿಸಿಲು ಬಳ್ಳಾರಿ

ಒಪ್ಪುತ್ತೇನೆ, ನನಗೆ ಸುರ್ಕಿ ವಿಷಯ ಗೊತ್ತಿರಲಿಲ್ಲ. ಆದರೂ ಇಡೀ ಮನೆಗೆ ಇದು ಬೇಡ ಅಂತಲೇ ಹೇಳುತ್ತೇನೆ. ಹಳೇ ಇಟ್ಟಿಗೆ ಅಳತೆ ಒಂದಕ್ಕೊಂದು ಕೂಡುವುದಿಲ್ಲ. ಒಳಗೋಡೆಗೆ ಹೊಸದು, ಹೊರಗೆ ಹಳೇದು ಅಂತ ಮಾಡಿ.

ಬಳ್ಳಾರಿ ಸಿವಿಲ್

ಇದು ಸರಿಯಾದ ಮಾತು. ಒಂದೇ ಗೋಡೆಯಲ್ಲಿ ಎರಡು ಥರದ ಇಟ್ಟಿಗೆ ಬೆರೆಸಬೇಡಿ. ಲೆಕ್ಕಕ್ಕೆ ಒಂದು ಅಂದಾಜು: ಒಂಬತ್ತು, ನಾಲ್ಕೂವರೆ, ಮೂರು ಇಂಚಿನ ಇಟ್ಟಿಗೆ ಒಂದು ಘನ ಮೀಟರ್‌ಗೆ ಸುಮಾರು 500 ಬೇಕು. ಹತ್ತು ಅಡಿ ಉದ್ದ, ಹತ್ತು ಅಡಿ ಎತ್ತರ, ಒಂಬತ್ತು ಇಂಚು ದಪ್ಪದ ಗೋಡೆಗೆ ಹತ್ತಿರ ಹತ್ತಿರ 1,070.

ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಬೆಳೆಸಿದ ಇಲಿಬೋನು ಜೋಡಣೆಯಲ್ಲಿ ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸುತ್ತಾರೆ. ಒಳಗೆ ಟೊಳ್ಳು ಉಳಿದು ಸುಮಾರು ಕಾಲು ಭಾಗ ಇಟ್ಟಿಗೆ ಉಳಿತಾಯ ಆಗುತ್ತದೆ, ಸೆಕೆಯೂ ಕಮ್ಮಿ. ಆದರೆ ಅದಕ್ಕೆ ಇಟ್ಟಿಗೆ ಎಲ್ಲಾ ಒಂದೇ ಅಳತೆ ಇರಬೇಕು. ನಿಮ್ಮದರಲ್ಲಿ ಅರ್ಧ ಇಂಚಿನ ವ್ಯತ್ಯಾಸ ಬಂದರೆ ಅದಕ್ಕೆ ಹೋಗಬೇಡಿ.

ಸಿಮೆಂಟ್ ಗೋಡೆ ಕೆಡವುವವರಿಗೂ ದಾರಿ ಇದೆ ಅನ್ನುವುದಕ್ಕೆ ಒಂದು ಉದಾಹರಣೆ. ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಹಳೇ ಬಿಯರ್ ಕಾರ್ಖಾನೆಯ ಗೋಡೆಗಳಿಂದ ಇಟ್ಟಿಗೆ ಬಿಡಿಸಲು ಆಗದೆ, ಗರಗಸದಿಂದ ಒಂದೊಂದು ಮೀಟರ್ ಚೌಕಗಳಾಗಿ ಗೋಡೆಯನ್ನೇ ಕತ್ತರಿಸಿದರು. ಆ ಚೌಕಗಳನ್ನು ಹೊಸ ವಸತಿ ಕಟ್ಟಡದ ಮುಖಕ್ಕೆ ಜೋಡಿಸಿದರು. ಚೀನಾದ ನಿಂಗ್ಬೋದಲ್ಲಿ ವಾಸ್ತುಶಿಲ್ಪಿ ವಾಂಗ್ ಶು ಕಟ್ಟಿದ ಮ್ಯೂಸಿಯಂ 2008ರಲ್ಲಿ ಮುಗಿಯಿತು. ಕೆಡವಿದ ಹಳ್ಳಿಗಳ ಇಟ್ಟಿಗೆ, ಹೆಂಚು ಎಲ್ಲಾ ಅದರ ಗೋಡೆಯಲ್ಲಿವೆ. ಅಳತೆ ಕೂಡದ ಚೂರುಗಳನ್ನೂ ವರಸೆಯಲ್ಲಿ ಕೂರಿಸುವುದು ಅಲ್ಲಿನ ಹಳ್ಳಿ ಗೌಂಡಿಗಳ ಹಳೇ ಕೈಚಳಕ, ಬಿರುಗಾಳಿಗೆ ಬಿದ್ದ ಮನೆಗಳನ್ನು ಮತ್ತೆ ಎಬ್ಬಿಸುತ್ತಾ ಕಲಿತದ್ದು. 2012ರಲ್ಲಿ ವಾಂಗ್ ಶು ಅವರಿಗೆ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿ ಪ್ರಿಟ್ಜ್‌ಕರ್ ಬಂತು.

ಉಳಿದ ಕಸವನ್ನು ಎಡದಂಡೆ ಕಾಲುವೆ ಪಕ್ಕ ಸುರಿಯಲು ಯಾರಿಗೂ ಬಿಡಬೇಡಿ. ನಿಯಮದ ಪ್ರಕಾರ ಕೆಡವಿದವರೇ ಅದನ್ನು ಬೇರ್ಪಡಿಸಿ ನಗರಸಭೆ ಹೇಳಿದ ಜಾಗಕ್ಕೆ ಹಾಕಬೇಕು.

ಭತ್ತದ ನಾಡಿನವ (ಗಂಗಾವತಿ), ಐದು ತಿಂಗಳ ನಂತರ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಗೋಡೆ ಎದ್ದಿದೆ.

ನಾಲ್ಕು ಜನ ಎಂಟು ದಿನ ಬಿಚ್ಚಿದರು. ಒಟ್ಟು ಸುಮಾರು 9,000 ಇಟ್ಟಂಗಿ. ತಟ್ಟಿ, ಗೀರಿ, ಆರಿಸಿದ ಮೇಲೆ ಒಳ್ಳೆಯವು 4,900. ಬುಡದವು 2,000, ಅವನ್ನು ಅಂಗಳಕ್ಕೆ ಹಾಸಿದ್ದೇವೆ. ಕಿತ್ತಳೆಯವು 1,300, ಒಡೆದವು 800. ಅವೆರಡೂ ಹಿಟ್ಟಿನ ಹಾಗೆ ನುಣ್ಣಗೆ ಪುಡಿಯಾಗಿ ಗಾರೆಗೆ ಹೋದವು, ಇನ್ನೂ ಆರು ಚೀಲ ಉಳಿದಿದೆ. ಎರಡು ಚೇಳು ಸಿಕ್ಕವು, ಯಾರಿಗೂ ಕಚ್ಚಲಿಲ್ಲ.

ರಾಯಚೂರಿನ ಅಣ್ಣನೇ ಬಂದು ಮೊದಲ ಮೂರು ದಿನ ಜೊತೆಗೆ ನಿಂತು ಕೆಲಸ ತೋರಿಸಿದರು. ಅಣ್ಣಾ, ಅದನ್ನು ನಾನು ಮರೆಯುವುದಿಲ್ಲ. ನೆಲಮಟ್ಟಕ್ಕೆ ಕಾಂಕ್ರೀಟ್ ಪಟ್ಟಿ, ಅದರ ಮೇಲೆ ತೇವ ಹತ್ತದಂತೆ ಡಾಂಬರು, ಆಮೇಲೆ ಇಟ್ಟಂಗಿ. ಮುಂದಿನ ಪಡಸಾಲೆಯ ಗೋಡೆಗಳು ಮಾತ್ರ ಹಳೇದು. ಒಳಗೆಲ್ಲ ಹಾರುಬೂದಿ ಇಟ್ಟಿಗೆ, ದೇವರ ಕೋಣೆಗೂ ಅದೇ. ಈ ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಪಡಸಾಲೆ ಗೋಡೆಗೆ ಒಳಗಿನಿಂದ ಕೈ ಇಟ್ಟರೆ ತಂಪು. ರಾತ್ರಿ ಎಂಟರ ಮೇಲೆ ಬೆಚ್ಚಗಾಗುತ್ತದೆ, ಆಗ ನಾವು ಅಂಗಳದಲ್ಲಿ ಇರುತ್ತೇವೆ.

ಅಕ್ಕಾ, ನೀವು ಹೇಳಿದ ಹಾಗೆ ಅಮ್ಮನ ಕೈಗೆ ಆ ಇಟ್ಟಂಗಿ ಕೊಟ್ಟಿದ್ದೆ. ಬಹಳ ಹೊತ್ತು ನೋಡಿದರು. ತಾವು ಮದುವೆಯಾಗಿ ಬಂದಾಗ ಆ ಗೋಡೆಗೆ ಸುಣ್ಣ ಬಳಿದದ್ದು ಹೇಳಿದರು. ಆಮೇಲೆ ಅದನ್ನು ಸೆರಗಿನಿಂದ ಒರೆಸಿ, ಹೊಸ್ತಿಲ ಬಲಗಡೆ ಕೈಗೆಟುಕುವ ಎತ್ತರಕ್ಕೆ ಇಡಿ ಅಂತ ತಾವೇ ಜಾಗ ತೋರಿಸಿದರು. ಅಲ್ಲೇ ಇದೆ. ಗೊರಸು ಹೊರಗೆ ಕಾಣುವ ಹಾಗೆ ಕೂರಿಸಿದ್ದೇವೆ.

600 ಇಟ್ಟಂಗಿ ಉಳಿದಿವೆ. ಮಾರುವುದಿಲ್ಲ. ಬೇಕಾದವರು ಕೇಳಿ.

ಕುಷ್ಟಗಿ ಹುಡುಗಿ

ಅಣ್ಣಾ, ನಮ್ಮ ಶಾಲೆಯ ಬಾವಿಕಟ್ಟೆ ಒಡೆದಿದೆ. ಅದೂ ಸುಣ್ಣದ ಗಾರೆಯ ಹಳೇ ಇಟ್ಟಂಗಿಯದೇ. ಹೊಸ ಇಟ್ಟಂಗಿ ಅಳತೆ ಕೂಡುತ್ತಿಲ್ಲ. ನಮ್ಮದು ಒಂಬತ್ತು, ನಾಲ್ಕೂವರೆ, ಮೂರು. ಇನ್ನೂರು ಸಿಕ್ಕರೆ ಸಾಕು.

ಭತ್ತದ ನಾಡಿನವ (ಗಂಗಾವತಿ)

ಅದೇ ಅಳತೆ ತಂಗೀ. ಮುನ್ನೂರು ತೆಗೆದುಕೊಂಡು ಹೋಗು, ಒಂದಷ್ಟು ಒಡೆಯುತ್ತವೆ. ಎರಡು ಚೀಲ ಸುರ್ಕಿಯನ್ನೂ ಕೊಡುತ್ತೇನೆ. ಭಾನುವಾರ ಬೆಳಗ್ಗೆ ಟ್ರ್ಯಾಕ್ಟರ್ ಕಳಿಸು, ಬಿಸಿಲು ಏರುವ ಮುಂಚೆ ತುಂಬಿಸಿಬಿಡೋಣ.